ಗುಂಡುತೋಪೂ ಸಾನಮಾವಿನ ಕಾಡೂ

ಊರ ಹೊರಗಿನ ಗುಂಡುತೋಪನ್ನು ಕಾಣದೆ ಬೆಳೆದ ಮಕ್ಕಳಿಗೆ ವನಭೋಜನವೆಂಬ ಮಾತಿನ ಅರ್ಥವನ್ನು ತಿಳಿಸುವುದು ಸುಲಭವಲ್ಲ. ಕನ್ನಡನಾಡಿನ ಬಯಲುಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ನಮ್ಮ ಹೊಸೂರು, ಡೆಂಕಣಿಕೋಟೆಗಳ ಸೀಮೆಯಲ್ಲಿಯೂ ಕೆರೆ, ಗೋಮಾಳಗಳಂತೆ ತೋಪೂ ಊರಿನ ಒಂದು ಅಂಗವಾಗಿದ್ದಿತು. ಮಾವು, ಹುಣಸೆ, ನೇರಳೆ, ಹೊಂಗೆಗಳನ್ನು ನೆಟ್ಟು ಬೆಳೆಸಿದ ಆ ನೆರಳು ಒಬ್ಬರ ಸೊತ್ತಲ್ಲ, ಊರಿನ ಸೊತ್ತು. ದಾರಿಹೋಕರು ಬಂಡಿ ಬಿಟ್ಟು ಬುತ್ತಿ ಬಿಚ್ಚುತ್ತಿದ್ದುದು ಅಲ್ಲಿ. ದನಗಾಹಿಗಳು ನಡುಹಗಲನ್ನು ಕಳೆಯುತ್ತಿದ್ದುದು ಅಲ್ಲಿ. ಹುಡುಗರು ಮರಕೋತಿ ಆಡುತ್ತಿದ್ದುದೂ ಅಲ್ಲಿಯೇ. ಭೂದಾಖಲೆಗಳಲ್ಲಿ ಇಂತಹ ನೆಲಕ್ಕೆ 'ತೋಪು ಪೊರಂಬೋಕು' ಎಂಬ ಹೆಸರುಂಟು.

ತೋಪು ನೆಟ್ಟದ್ದು, ಕಾಡು ತಾನಾಗಿ ಬೆಳೆದುದು. ಜವಳಗಿರಿಯಿಂದ ಅಂಚೆಟ್ಟಿಯವರೆಗೆ, ಅಲ್ಲಿಂದ ಕಾವೇರಿಯ ದಡದವರೆಗೆ ಹಬ್ಬಿರುವ ದೊಡ್ಡ ಕಾಡನ್ನು ನಾವು ಬಲ್ಲೆವು. 1792ರಲ್ಲಿ ಕೃಷ್ಣಗಿರಿಯ ಬಾರಾಮಹಲೂ, 1799ರಲ್ಲಿ ಟಿಪ್ಪುವಿನ ಪತನಾನಂತರ ಹೊಸೂರು ಸೀಮೆಯೂ ಕಂಪನಿಯ ಆಡಳಿತಕ್ಕೆ ಸೇರಿದವು. ಬಳಿಕ 1882ರ ಮದರಾಸು ಅರಣ್ಯ ಶಾಸನವು ಮೀಸಲು ಅರಣ್ಯದ ಎಲ್ಲೆಯನ್ನು ಗೊತ್ತುಪಡಿಸುವ ಕ್ರಮವನ್ನು ವಿಧಿಸಿತು. ಎಲ್ಲೆಯೊಳಗೆ ಅನುಮತಿಯಿಲ್ಲದೆ ದನ ಮೇಯಿಸುವುದೂ ಮರ ಕಡಿಯುವುದೂ ಅಪರಾಧವೆನಿಸಿದುವು.

ಅದೇ 1882ರ ಮೇ ತಿಂಗಳಲ್ಲಿ ಲಂಡನ್ ನಗರದ ಅಂಚಿನ ಎಪ್ಪಿಂಗ್ ಕಾಡಿಗೆ ವಿಕ್ಟೋರಿಯಾ ರಾಣಿ ಬಂದು, ಅದನ್ನು ಪ್ರಜೆಗಳ ವಿಹಾರಕ್ಕೆಂದು ಅರ್ಪಿಸಿದಳು. ಜಮೀನುದಾರರು ಆ ಕಾಡಿಗೆ ಬೇಲಿ ಹಾಕಿಕೊಳ್ಳುತ್ತಿದ್ದುದನ್ನು ತಡೆಯಲು 1878ರಲ್ಲಿಯೇ ಶಾಸನವಾಗಿದ್ದಿತು. ಅಲ್ಲಿಯೂ ಕೊಂಬೆ ಕಡಿಯುವ ಹಳ್ಳಿಗರ ಹಕ್ಕು ನಿಂತುಹೋಯಿತು. ಆದರೆ ಲೌಟನ್ ಎಂಬ ಊರಿನವರಿಗೆ ಅದಕ್ಕೆ ಪ್ರತಿಯಾಗಿ ದೊರೆತ ಪರಿಹಾರದ ಹಣದಿಂದ 1884ರಲ್ಲಿ ಒಂದು ಸಾರ್ವಜನಿಕ ಭವನವೆದ್ದಿತು. ಒಂದೇ ಸಿಂಹಾಸನದ ಕೆಳಗೆ ಅಲ್ಲಿ ಕಾಡಿನ ಬೇಲಿ ಬಿದ್ದಿತು, ಇಲ್ಲಿ ಕಾಡಿಗೆ ಎಲ್ಲೆ ಬಿದ್ದಿತು.

ಹಾಗೆಂದು ಆ ಎಲ್ಲೆಯನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಹೊಸೂರಿಗೆ ಸಮೀಪದ ಸಾನಮಾವಿನ ಸಣ್ಣ ಕಾಡನ್ನೇ ನೋಡೋಣ. ಸುತ್ತಲೂ ಹೊಲ, ಹಳ್ಳಿ, ಹೆದ್ದಾರಿಗಳು; 1970ರ ದಶಕದಿಂದೀಚೆಗೆ ಬೆಳೆದ ಕಾರ್ಖಾನೆಗಳ ನಗರವೂ ದೂರವಿಲ್ಲ. ಆದರೂ ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟ, ಜವಳಗಿರಿಗಳ ಕಡೆಯಿಂದ ಆನೆಗಳ ಹಿಂಡು ಬಂದು ಇಲ್ಲಿ ತಂಗುತ್ತದೆ. ಹಗಲು ಮರಗಳ ಮರೆ, ಇರುಳು ರಾಗಿಯ ಹೊಲ. ಇದು ಅವುಗಳ ದಿನಚರಿ. ಈ ಸಂಘರ್ಷದಲ್ಲಿ ರೈತರೂ ಆನೆಗಳೂ ಪ್ರಾಣ ತೆತ್ತುದುಂಟು. 2014ರಲ್ಲಿ ಈ ಸೀಮೆಯ ದೊಡ್ಡ ಕಾಡಿನ ಸುಮಾರು 504 ಚದರ ಕಿಲೋಮೀಟರು ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆದರೆ ಧಾಮದ ಗಡಿ ಆನೆಯ ಕಾಲಿಗೆ ತಿಳಿಯದು.

ಹೀಗಿರುವಾಗ ಮಕ್ಕಳನ್ನು ವನಭೋಜನಕ್ಕೆ ಸಾನಮಾವಿಗೆ ಕರೆದೊಯ್ಯೋಣವೆ? ಕೂಡದು. ಅದು ಆನೆಯ ಬಿಡದಿ. ನಮ್ಮ ಹಿರಿಯರು ಮನುಷ್ಯನ ವಿಹಾರಕ್ಕೆ ಊರ ಪಕ್ಕದಲ್ಲಿಯೇ ತೋಪನ್ನು ನೆಟ್ಟರು. ಕಾಡನ್ನು ಕಾಡಿಗೇ ಬಿಟ್ಟರು. ತೋಪು ಇಲ್ಲವಾದ ಊರಿನವರಿಗೆ ಬಿಡುವಿನ ದಿನದಲ್ಲಿ ಉಳಿಯುವುದು ಕಾಡೊಂದೆ. ಆಗ ಮನುಷ್ಯನೂ ಆನೆಯೂ ಒಂದೇ ನೆರಳಿಗೆ ಬರುವಂತಾಗುತ್ತದೆ.

1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಶಾಲೆಗಳು ವರ್ಷವರ್ಷವೂ ಸಸಿ ನೆಡುತ್ತ ಬಂದಿವೆ. ನೆಟ್ಟ ಗುಂಡಿಯಲ್ಲಿಯೇ ಮರುವರ್ಷವೂ ನೆಟ್ಟುದನ್ನು ಉಪಾಧ್ಯಾಯರಾದ ನಾವು ಬಲ್ಲೆವು. ಬೇಸಗೆಯಲ್ಲಿ ನೀರೆರೆಯುವವರಿಲ್ಲದುದೇ ಅದಕ್ಕೆ ಕಾರಣ. ಈ ಸಲ ವಿದ್ಯಾರ್ಥಿಗಳು ಮೊದಲು ಒಂದು ಕೆಲಸ ಮಾಡಲಿ: ತಮ್ಮ ಊರಿನ ದಾಖಲೆಯಲ್ಲಿ ತೋಪಿನ ನೆಲ ಎಲ್ಲಿದೆಯೆಂದು ಗ್ರಾಮಾಧಿಕಾರಿಗಳನ್ನು ಕೇಳಿ ತಿಳಿಯಲಿ, ಅಜ್ಜ ಅಜ್ಜಿಯರನ್ನು ಕೇಳಿ ಅಲ್ಲಿದ್ದ ಮರಗಳ ಹೆಸರು ಬರೆದುಕೊಳ್ಳಲಿ. ಆ ನೆಲ ಇನ್ನೂ ಊರಿನದಾಗಿಯೇ ಉಳಿದಿದ್ದರೆ ಅಲ್ಲಿ ಹತ್ತೇ ಸಸಿ ಸಾಕು. ನೀರೆರೆಯುವ ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದಿರಲಿ.