ಉದ್ಯಾನದ ನೆರೆಯಲ್ಲಿ ಮನೆ ಯಾರಿಗೆ?

ಪಾಳುಬಿದ್ದ ರೈಲುಹಳಿ, ಮಲಿನಗೊಂಡ ನದಿದಂಡೆ, ಮುಚ್ಚಿದ ಕಾರ್ಖಾನೆಗಳ ನಿವೇಶನ ಮುಂತಾದವನ್ನು ಉದ್ಯಾನವಾಗಿ ಪರಿವರ್ತಿಸಿ ನಗರಕ್ಕೆ ಮರುಜೀವ ನೀಡುವ ಯತ್ನ ಜಗತ್ತಿನ ಅನೇಕ ಕಡೆ ನಡೆದಿದೆ. ಇದರಿಂದ ಬಿಸಿಲಿನ ಬೇಗೆ ತಗ್ಗುತ್ತದೆ. ಜತೆಗೆ ಸುತ್ತಲಿನ ನೆಲದ ಬೆಲೆ ಏರುತ್ತದೆ. ಸ್ವಂತ ಮನೆಯುಳ್ಳವರಿಗೆ ಇದು ಲಾಭ, ಬಾಡಿಗೆದಾರರಿಗೆ ಹೊರೆ. ಈ ಹೊರೆ ಎಷ್ಟೆಂಬುದು ನಗರದ ಸ್ವರೂಪವನ್ನೂ ಮನೆಗಳ ಒಡೆತನವನ್ನೂ ಅವಲಂಬಿಸಿದೆ.

ನ್ಯೂಯಾರ್ಕ್‌ನ ಹೈಲೈನ್ ಇದಕ್ಕೆ ಪ್ರಸಿದ್ಧ ನಿದರ್ಶನ. 1934ರಲ್ಲಿ ಆರಂಭವಾದ ಈ ಎತ್ತರಿಸಿದ ಸರಕು ರೈಲುಮಾರ್ಗದಲ್ಲಿ 1980ರಲ್ಲಿ ಸಂಚಾರ ನಿಂತಿತು. 2009ರಿಂದ ಅದು ಹಂತಹಂತವಾಗಿ 2.3 ಕಿ.ಮೀ. ಉದ್ದದ ಉದ್ಯಾನವಾಯಿತು. ಅದಕ್ಕೂ ಮೊದಲೇ, 2005ರಲ್ಲಿ, ನಗರಾಡಳಿತವು ಭೂಬಳಕೆಯ ನಿಯಮ ಬದಲಿಸಿ ಆಸುಪಾಸಿನಲ್ಲಿ ಬಹುಮಹಡಿ ವಸತಿಗೆ ಅವಕಾಶ ನೀಡಿತ್ತು. ಗ್ಯಾರೇಜು, ಗೋದಾಮುಗಳಿದ್ದೆಡೆ ಐಷಾರಾಮಿ ಅಪಾರ್ಟ್‌ಮೆಂಟುಗಳು ಎದ್ದವು. ಸುತ್ತಲಿನ ದರ ಗಗನಕ್ಕೇರಿದಾಗಲೂ ಸಮೀಪದ ಸರ್ಕಾರಿ ವಸತಿ ಸಮುಚ್ಚಯಗಳ ಬಡ ಕುಟುಂಬಗಳು ನೆಲೆ ಉಳಿಸಿಕೊಂಡವು. ಅವುಗಳ ಬಾಡಿಗೆ ಆದಾಯಕ್ಕೆ ತಕ್ಕಂತೆ ನಿಗದಿಯಾಗುತ್ತಿದ್ದುದೇ ಇದಕ್ಕೆ ಕಾರಣ.

ಜನಸಂಖ್ಯೆ ಕುಗ್ಗುತ್ತಿರುವ ಊರಿನ ಕಥೆ ಬೇರೆ. ಜರ್ಮನಿಯ ಏಕೀಕರಣದ ನಂತರ ಲೈಪ್‌ಜಿಗ್‌ನ ಕಾರ್ಖಾನೆಗಳು ಮುಚ್ಚಿ ಜನ ಊರು ತೊರೆದರು. 2000ದ ಹೊತ್ತಿಗೆ ಅಲ್ಲಿ ಸುಮಾರು 60,000 ಮನೆಗಳು ಖಾಲಿ ಇದ್ದವು. ಖಾಸಗಿ ಖಾಲಿ ನಿವೇಶನಗಳನ್ನು ಒಪ್ಪಂದದ ಮೇಲೆ ಕೆಲಕಾಲ ಸಾರ್ವಜನಿಕ ಉದ್ಯಾನಗಳಾಗಿ ಬಳಸಲಾಯಿತು. ಮನೆಗಳು ಬೇಡಿಕೆಗಿಂತ ಹೆಚ್ಚಿದ್ದುದರಿಂದ ಆಗ ಬಾಡಿಗೆಯ ಒತ್ತಡವಿರಲಿಲ್ಲ. 2010ರ ನಂತರ ಜನ ಮರಳಿ ಬರತೊಡಗಿದಾಗ ಬಾಡಿಗೆಯೂ ಏರಿತು, ಅಂಥ ಕೆಲವು ನಿವೇಶನಗಳಲ್ಲಿ ಕಟ್ಟಡಗಳೂ ಎದ್ದವು.

ಹಕ್ಕುಪತ್ರವಿಲ್ಲದ ಗುಡಿಸಲುಗಳಿರುವ ಭಾರತದ ನಗರಗಳಲ್ಲಿ ಬಾಡಿಗೆ ಏರುವವರೆಗೆ ಕಾಯಬೇಕಾಗಿಲ್ಲ, ಕಾಮಗಾರಿಯೇ ಜನರನ್ನು ಎಬ್ಬಿಸುತ್ತದೆ. ಅಹಮದಾಬಾದ್‌ನಲ್ಲಿ 2005ರಲ್ಲಿ ಆರಂಭವಾದ ಸಾಬರಮತಿ ನದಿದಂಡೆ ಯೋಜನೆಯಿಂದ 10,000ಕ್ಕೂ ಹೆಚ್ಚು ಕುಟುಂಬಗಳು ಸ್ಥಳಾಂತರಗೊಂಡವು. ನಿವಾಸಿಗಳು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಪುನರ್ವಸತಿಗೆ ಚಾಲನೆ ದೊರೆಯಿತು. ಆದರೆ ಬಹಳಷ್ಟು ಮಂದಿಗೆ ಫ್ಲ್ಯಾಟ್ ಸಿಕ್ಕಿದ್ದು ವಟವಾದಂಥ ಅಂಚಿನ ಪ್ರದೇಶಗಳಲ್ಲಿ. ಮನೆಗೆಲಸ, ಬೀದಿ ವ್ಯಾಪಾರವನ್ನೇ ನಂಬಿದವರಿಗೆ ಬಸ್ಸಿನ ಖರ್ಚು ಹೊಸ ಬಾಡಿಗೆಯಂತಾಯಿತು.

ಆಸ್ಟ್ರಿಯಾದ ವಿಯೆನ್ನಾ 1920ರ ದಶಕದಿಂದಲೇ ಪುರಸಭೆಯ ವಸತಿಗೆ ಹಣ ಹೂಡುತ್ತ ಬಂದ ನಗರ. ಅಲ್ಲಿನ ಹಳೆಯ ರೈಲ್ವೆ ಭೂಮಿಯಲ್ಲಿ ನಿರ್ಮಿಸಿದ ಹೆಲ್ಮುಟ್ ಜಿಲ್ಕ್ ಉದ್ಯಾನದ ಸುತ್ತ ಸಹಾಯಧನದ ಮನೆಗಳನ್ನೂ ಕಟ್ಟಲಾಗಿದೆ. ಹೊಸದಾಗಿ ವಸತಿಗೆಂದು ಗುರುತಿಸುವ ದೊಡ್ಡ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಮೂರನೇ ಎರಡರಷ್ಟು ಭಾಗ ಇಂಥ ಮನೆಗಳಿಗೆ ಮೀಸಲಿರಬೇಕೆಂದು ನಗರಾಡಳಿತ 2018ರಲ್ಲಿ ನಿರ್ಧರಿಸಿತು.