ಧಾಟಿ ಸಮೇತ ಹಾಡು ಕೂಡಿಟ್ಟವರು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಎ ಬ್ಲಾಕ್ ಇರಲಿ, ಬಿ ಬ್ಲಾಕ್ ಇರಲಿ, ಭಜನೆಗೆ ಹೋಗುವ ಹಿರಿಯ ಹೆಂಗಸರಿರುವ ಮನೆಯಲ್ಲಿ ಹಾಡಿನ ನೋಟ್‌ಬುಕ್ ಸಿಗುವುದು ಅಪರೂಪವಲ್ಲ. ರಟ್ಟು ಸವೆದಿರುತ್ತದೆ, ಹೊಲಿಗೆ ಸಡಿಲವಾಗಿರುತ್ತದೆ, ಎರಡು ಮೂರು ಬಣ್ಣದ ಶಾಯಿ ಇರುತ್ತದೆ. ಅನೇಕ ಹಾಡುಗಳ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಮುಂದೆ ಇನ್ನೊಂದು ಹಾಡಿನ ಮೊದಲ ಎರಡು ಮೂರು ಪದ ಗೀಚಿರುತ್ತಾರೆ. ಆ ಇನ್ನೊಂದು ಹಾಡು ದಾಸರ ಪದವಾಗಿರಬಹುದು, ಹಳೆಯ ಸಿನಿಮಾ ಹಾಡಾಗಿರಬಹುದು. ಅದು ಗೊತ್ತಿದ್ದವರಿಗೆ ಇದು ಬಂದಂತೆಯೇ. ಗೊತ್ತಿಲ್ಲದವರ ಪಾಲಿಗೆ ಪುಟದ ತುಂಬ ಅಕ್ಷರವಿದ್ದರೂ ಹಾಡು ಮೂಕ.

ಈಗ ಅದೇ ಮನೆಗಳಲ್ಲಿ ಸಾಹಿತ್ಯ, ಮಟ್ಟು, ಶ್ರುತಿ, ತಾಳ ಎಲ್ಲವೂ ಮೊಬೈಲ್‌ನಲ್ಲಿ ಸೇರಿಕೊಳ್ಳುತ್ತಿವೆ. ಕನ್ನಡಿಗರು ಹಾಡು ಕೂಡಿಡುವ ರೂಢಿಗೆ ಶತಮಾನಗಳ ಹಿನ್ನೆಲೆಯಿದೆ. ಆದರೆ ಈ ನಾಲ್ಕನ್ನೂ ಒಂದೇ ಕಡೆ ಇಟ್ಟುಕೊಳ್ಳುವ ಅನುಕೂಲ ಸಾಮಾನ್ಯ ಹಾಡುಗಾರರಿಗೆ ಒದಗಿದ್ದು ಈಚೆಗೆ.

ತಾಡೋಲೆಯ ಕಾಲದಲ್ಲಿ ಸಂಗ್ರಹದ ಕೀಲಿಕೈ ಅಂಕಿತ. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರದು, ‘ಪುರಂದರ ವಿಠಲ’ ಎಂದರೆ ಪುರಂದರದಾಸರದು. ಓಲೆಯ ಕಟ್ಟು ಚೆಲ್ಲಾಪಿಲ್ಲಿಯಾದರೂ ಯಾವುದು ಯಾರದೆಂದು ಅಂಕಿತ ಹೇಳುತ್ತಿತ್ತು. 15ನೇ ಶತಮಾನದ ವಿರಕ್ತರು ಅಷ್ಟಕ್ಕೇ ನಿಲ್ಲಲಿಲ್ಲ. ವಚನಗಳನ್ನು ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿ ಸ್ಥಲಕಟ್ಟುಗಳನ್ನು ಮಾಡಿದರು. ಶಿವಗಣಪ್ರಸಾದಿ ಮಹದೇವಯ್ಯ ವಚನಗಳನ್ನೇ ಸಂವಾದವಾಗಿ ಹೆಣೆದು ‘ಶೂನ್ಯಸಂಪಾದನೆ’ ಕಟ್ಟಿದ. ಹಾಡುವುದಕ್ಕೆಂದೇ ಇದ್ದ ಸ್ವರವಚನಗಳಿಗೆ ರಾಗ, ತಾಳದ ಹೆಸರನ್ನೂ ಬರೆದಿಟ್ಟರು. ರಾಗದ ಹೆಸರು ಉಳಿಯಿತು, ಹಾಡಿದ ನಡೆ ಮಾತ್ರ ಹಾಡಿದವರೊಂದಿಗೇ ಹೋಯಿತು.

ಜನಪದ ಹಾಡುಗಾರ್ತಿಯರಿಗೆ ಈ ತೊಂದರೆ ಅಷ್ಟಾಗಿ ಕಾಡಲಿಲ್ಲ. ಬೀಸುವ ಕಲ್ಲಿನ ಮುಂದೆ ಹಾಡುವ ತ್ರಿಪದಿಗೆ ಗೊತ್ತಾದ ಕೆಲವೇ ಧಾಟಿಗಳು ಸಾಕು; ನೂರಾರು ಪದ ಅದರಲ್ಲೇ ಸಾಗುತ್ತವೆ, ಹೊಸ ಪದವೂ ಅಲ್ಲೇ ಹುಟ್ಟುತ್ತದೆ. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಇಂಥ ಪದಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅದಕ್ಕೂ ಮುಂಚೆ, 1923ರಲ್ಲಿ, ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸಿದ ಓಲೆಗಳಿಂದ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದಿದ್ದರು. ಮುಂದೆ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಈ ಪುಸ್ತಕಗಳು ಬರದಿದ್ದರೆ ಎಷ್ಟೋ ಸಾಹಿತ್ಯ ಗೆದ್ದಲಿನ ಪಾಲಾಗುತ್ತಿತ್ತು. ಆದರೂ ಅಚ್ಚಿನ ಪುಟಕ್ಕೆ ದನಿಯಿರಲಿಲ್ಲ.

ದಾವಣಗೆರೆ ಸೀಮೆಯಲ್ಲಿ ಈ ಕೊರತೆ ತುಂಬಿದವರು ನಾಟಕದವರು. ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ಮೇಲೆ ಮರಾಠಿ ರಂಗಸಂಗೀತದ ಗಾಳಿ ಕನ್ನಡ ಕಂಪನಿಗಳಿಗೂ ಬೀಸಿತು. ಒಂದು ನಾಟಕದ ಮಟ್ಟು ಇನ್ನೊಂದರ ಪದಕ್ಕೆ, ಮರಾಠಿ ಪದದ ಚಾಲು ಕನ್ನಡ ಪದಕ್ಕೆ ಬಂದವು. ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಊರೂರು ತಿರುಗಿತು. ಅವರ ಮಗಳು ಚಿಂದೋಡಿ ಲೀಲಾ ಅದೇ ರಂಗದಲ್ಲಿ ಬೆಳೆದು ಪದ್ಮಶ್ರೀ ಪಡೆದರು, 2010ರಲ್ಲಿ ತೀರಿಕೊಂಡರು. ದುಗ್ಗಮ್ಮನ ಜಾತ್ರೆ ಬಂದರೆ ಊರಲ್ಲಿ ಕಂಪನಿಗಳ ಡೇರೆ ಏಳುವುದು ಈ ನಗರಕ್ಕೆ ಹೊಸತಲ್ಲ. ವೃತ್ತಿ ರಂಗಭೂಮಿಗೆಂದೇ ಸರ್ಕಾರ ರಂಗಾಯಣ ಕೊಟ್ಟಿದ್ದೂ ದಾವಣಗೆರೆಗೇ.

ಕಂಪನಿಯ ನಾಟಕ ನೋಡಿದ ಹಳ್ಳಿಯ ಹುಡುಗರು ಸುಗ್ಗಿ ಮುಗಿದ ಮೇಲೆ ತಾವೇ ನಾಟಕ ಕಲಿಯುತ್ತಿದ್ದರು. ಅವರ ತಾಲೀಮಿನಲ್ಲಿ ಪೇಟಿ ಮಾಸ್ತರನೇ ಎಲ್ಲ. ಅವನ ಕಂದಾಯದ ಲೆಕ್ಕದಂಥ ಉದ್ದನೆಯ ಪುಸ್ತಕದಲ್ಲಿ ಪಾತ್ರವಾರು ಪದಗಳು, ಪಕ್ಕದಲ್ಲಿ ಧಾಟಿ, ಅದರ ಪಕ್ಕದಲ್ಲಿ ಹಾಡುವವನ ಶ್ರುತಿ. ‘ಕರಿ ಒಂದು’, ‘ಬಿಳಿ ನಾಲ್ಕು’ ಎಂದರೆ ಹಾರ್ಮೋನಿಯಂನ ಯಾವ ಮನೆ ಹಿಡಿದು ಹಾಡಬೇಕೆಂಬ ಗುರುತು. ಕರ್ನಾಟಕ ಸಂಗೀತದವರು ‘ಒಂದೂವರೆ ಮನೆ’ ಅನ್ನುವುದೂ, ಪೇಟಿಯವರು ‘ಕರಿ ಒಂದು’ ಅನ್ನುವುದೂ, ಇವತ್ತಿನ ಆ್ಯಪ್ ‘ಸಿ ಶಾರ್ಪ್’ ಎಂದು ತೋರಿಸುವುದೂ ಒಂದೇ ಶ್ರುತಿ. ಮೊಬೈಲಿನಲ್ಲಿ ಹಾಡು ಜೋಡಿಸಿಕೊಳ್ಳುವವರು ಇಂದು ತುಂಬುವ ವಿವರಗಳೆಲ್ಲ ಆ ಮಾಸ್ತರನ ಪುಸ್ತಕದಲ್ಲಿ ಆಗಲೇ ಇದ್ದವು. ಅವನ ಗಂಟಲಲ್ಲಿದ್ದ ಮಟ್ಟೊಂದೇ ಅದರಲ್ಲಿ ಇರಲಿಲ್ಲ.

ಆ ಮಟ್ಟು ಹಿಡಿಯುವ ಯಂತ್ರ ಆಗಲೇ ಬಂದಿತ್ತು. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಿತು. ಆದರೆ ತಟ್ಟೆ ದುಬಾರಿ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು, ಅದರಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಬೇರೆಯವರು. ಬಡವರ ಮನೆಗೆ ದನಿ ತಂದದ್ದು ರೇಡಿಯೊ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ಮಧ್ಯ ಕರ್ನಾಟಕಕ್ಕೆ ಹತ್ತಿರದ್ದೇ ಒಂದು ನಿಲಯವಾಯಿತು. ಹಾಡು ಬರುತ್ತಿದ್ದಂತೆ ಪೆನ್ಸಿಲ್ ಹಿಡಿದು ಗೀಚುವುದು, ತಪ್ಪಿದ ಸಾಲಿಗೆ ಜಾಗ ಬಿಟ್ಟು ಮುಂದಿನ ಸಲ ಬಂದಾಗ ತುಂಬುವುದು ರೂಢಿಯಾಯಿತು. ಎಷ್ಟೋ ನೋಟ್‌ಬುಕ್ಕುಗಳು ಬೆಳೆದದ್ದು ಹೀಗೆ.

ಕ್ಯಾಸೆಟ್ ಬಂದ ಮೇಲೆ ಕಾಯುವುದು ತಪ್ಪಿತು. ಫಿಲಿಪ್ಸ್ ಕಂಪನಿ 1963ರಲ್ಲಿ ತೋರಿಸಿದ ಈ ಪುಟ್ಟ ಪೆಟ್ಟಿಗೆ ಕನ್ನಡದ ಭಾವಗೀತೆಗೂ ಬಾಗಿಲು ತೆರೆಯಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು ಮನೆಮಾತಾಯಿತು. ಆಮೇಲೆ ಪಟ್ಟಿ ಬರೆದುಕೊಟ್ಟರೆ ಬೇಕಾದ ಹಾಡುಗಳನ್ನು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಡುವ ಅಂಗಡಿಗಳು ಹುಟ್ಟಿಕೊಂಡವು. ಅರವತ್ತು ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ ಅರ್ಧ ಗಂಟೆ. ತನ್ನ ಇಷ್ಟದ ಹಾಡುಗಳನ್ನು ತನ್ನ ಇಷ್ಟದ ಕ್ರಮದಲ್ಲಿ ದನಿ ಸಮೇತ ಇಟ್ಟುಕೊಳ್ಳುವುದು ಸಾಮಾನ್ಯರಿಗೆ ಸಾಧ್ಯವಾದದ್ದು ಆಗ. ಅಭ್ಯಾಸಕ್ಕೆ ಮಾತ್ರ ಅದು ಅಷ್ಟು ಒಗ್ಗಲಿಲ್ಲ. ಬೆಲ್ಟ್ ಸಡಿಲಾದರೆ ವೇಗ ಇಳಿಯುತ್ತಿತ್ತು, ವೇಗದ ಜೊತೆ ಶ್ರುತಿಯೂ ಇಳಿಯುತ್ತಿತ್ತು. ಪೇಟಿ ಇಟ್ಟುಕೊಂಡು ಜೊತೆಗೆ ಹಾಡಲು ಕೂತರೆ ಎರಡೂ ಕೂಡುತ್ತಿರಲಿಲ್ಲ.

ಶ್ರುತಿಯ ತೊಡಕು ಬಿಡಿಸಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಕಂಪನಿಯ ತಂಬೂರಿ, ತಾಳಯಂತ್ರಗಳು ದೇಶದ ಸಂಗೀತ ಪಾಠದ ಕೋಣೆಗಳನ್ನು ಹೊಕ್ಕವು. ಸ್ಮಾರ್ಟ್‌ಫೋನ್ ಬಂದ ಮೇಲೆ ಆ ಪೆಟ್ಟಿಗೆಗಳ ಕೆಲಸವನ್ನು ಐತಬಲಾ ಪ್ರೊ ಥರದ ಆ್ಯಪ್‌ಗಳು ವಹಿಸಿಕೊಂಡವು. ಶ್ರುತಿ ಬದಲಿಸದೆ ಹಾಡಿನ ವೇಗ ತಗ್ಗಿಸುವುದು, ಕಷ್ಟದ ಒಂದೇ ಸಾಲನ್ನು ಮತ್ತೆ ಮತ್ತೆ ಕೇಳಿಸುವುದು ಈಗ ಬೆರಳ ತುದಿಯ ಕೆಲಸ. ಕ್ಯಾಸೆಟ್ಟಿನ ಕಾಲದಲ್ಲಿ ಇದು ಮನೆಯಲ್ಲಿ ಆಗುವ ಮಾತಾಗಿರಲಿಲ್ಲ.

ಸಾಹಿತ್ಯದ ಕಡೆಯೂ ಕೆಲಸವಾಗಿದೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ 1993ರಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಹೊರತಂದಿತು. ದಾವಣಗೆರೆಗೆ ಹತ್ತಿರದ ಸಿರಿಗೆರೆಯ ತರಳಬಾಳು ಮಠ ವಚನಗಳನ್ನು ಆ್ಯಪ್‌ಗೆ ಇಳಿಸಿದೆ. ಅಂಕಿತದಿಂದಲೋ ಮೊದಲ ಪದದಿಂದಲೋ ವಚನ ಹುಡುಕುವುದು ಇನ್ನು ಕಷ್ಟವಲ್ಲ.

ಕಷ್ಟವಿರುವುದು ಸ್ವಂತ ಸಂಗ್ರಹದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಾಡಿಗೆ ತಾರೀಖು ಮತ್ತು ಅಂಕಿಗಳೇ ಹೆಸರು. ಫೋನ್ ಬದಲಾದ ದಿನ ಯಾವುದು ಯಾವುದೆಂದು ತಿಳಿಯದೆ ಅರ್ಧಕ್ಕರ್ಧ ಹೋಗುತ್ತದೆ. ಹಾಡಿನ ಮೊದಲ ಸಾಲು, ಅಂಕಿತ, ಧಾಟಿ, ಶ್ರುತಿ, ತಾಳ, ಯಾರಿಂದ ಕಲಿತದ್ದು ಎಂಬ ಆರು ವಿವರಗಳನ್ನು ಫೈಲಿನ ಜೊತೆ ಕನ್ನಡದಲ್ಲೇ ಬರೆದಿಟ್ಟುಕೊಂಡವರಿಗೆ ಆ ಗೋಜಿಲ್ಲ. ಶ್ರಾವಣದ ಪಟ್ಟಿ ಬೇರೆ, ನವರಾತ್ರಿಯ ಪಟ್ಟಿ ಬೇರೆ, ಇನ್ನೂ ಕೂರದ ಹಾಡುಗಳ ಪಟ್ಟಿ ಬೇರೆ ಎಂದು ಮಾಡಿಕೊಂಡರೆ ದಿನದ ಅಭ್ಯಾಸಕ್ಕೆ ಏನು ತೆಗೆಯಬೇಕೆಂದು ಹುಡುಕಬೇಕಿಲ್ಲ.

ಇದರಲ್ಲೂ ಯಾವುದನ್ನು ಮೊದಲು ಮಾಡಬೇಕು ಎಂಬುದು ಮುಖ್ಯ. ಸಿನಿಮಾ ಹಾಡು, ಹೆಸರಾದ ಗಾಯಕರ ದೇವರನಾಮ ನಾಳೆಯೂ ಸಿಗುತ್ತವೆ. ಸೋಬಾನೆ, ಆರತಿ ಹಾಡು, ಊರ ನಾಟಕದ ರಂಗಗೀತೆಗಳಲ್ಲಿ ಎಷ್ಟೋ ಯಾವ ಕ್ಯಾಸೆಟ್ಟಿಗೂ ಹೋದವಲ್ಲ. ನೋಟ್‌ಬುಕ್ಕಿನಲ್ಲಿ ಧಾಟಿಯ ಜಾಗ ಖಾಲಿ ಇರುವ ಪುಟಗಳನ್ನು, ಅಥವಾ ಅಲ್ಲಿ ಬರೆದ ಹಾಡು ಈಗ ಯಾರಿಗೂ ಗೊತ್ತಿಲ್ಲದ ಪುಟಗಳನ್ನು ಮೊದಲು ಗುರುತು ಹಾಕಿ, ಅವನ್ನು ಬಲ್ಲ ಅಜ್ಜಿಯನ್ನೋ ಮಾಸ್ತರನನ್ನೋ ಕೂರಿಸಿ, ಶ್ರುತಿ ಹಾಕಿ, ಪಲ್ಲವಿಯಿಂದ ಕೊನೆಯ ನುಡಿಯವರೆಗೆ ಪೂರ್ತಿ ಹಾಡಿಸಿ ಮುದ್ರಿಸಿಕೊಳ್ಳಬೇಕು. ಮುದ್ರಿಸಿದ್ದರ ಇನ್ನೊಂದು ಪ್ರತಿ ಬೇರೆ ಮನೆಯ ಫೋನಿನಲ್ಲೂ ಇರಬೇಕು.