ಮನೆಯ ಕೀಟಗಳು: ವಿಷಕ್ಕೆ ಕೈ ಹಾಕುವ ಮೊದಲು

ಜಿರಳೆ, ಇರುವೆ, ಸೊಳ್ಳೆ, ತಿಗಣೆ, ಗೆದ್ದಲು, ಕಾಳಿನ ನುಸಿ, ಇವುಗಳ ಜೊತೆಗೆ ಇಲಿ. ನಮ್ಮ ಮನೆಗಳಲ್ಲಿ ಕರೆಯದೆ ಬಂದು ಸೇರುವ ಜೀವಿಗಳ ಪಟ್ಟಿ ಹೆಚ್ಚುಕಡಿಮೆ ಇಷ್ಟೆ. ಕುಡಿಯಲು ನೀರು, ತಿನ್ನಲು ಏನಾದರೂ, ಅವಿತುಕೊಳ್ಳಲು ಒಂದು ಸಂದು ಸಿಕ್ಕರೆ ಇವು ನೆಲೆಯೂರುತ್ತವೆ. ಈ ಮೂರನ್ನು ಹಾಗೆಯೇ ಬಿಟ್ಟು ಎಷ್ಟು ಔಷಧಿ ಹೊಡೆದರೂ ಕೆಲವೇ ವಾರಗಳಲ್ಲಿ ಮತ್ತೆ ಬರುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಲವು ಪೇಸ್ಟು, ಪುಡಿ, ಮಾತ್ರೆಗಳಂತೂ ಆ ಕೀಟಗಳಿಗಿಂತ ಮನೆಯ ಮಕ್ಕಳಿಗೇ ಹೆಚ್ಚು ಅಪಾಯ. ಆದ್ದರಿಂದ ಸ್ವಚ್ಛತೆ ಮತ್ತು ತಡೆ ಮೊದಲು ಬರಬೇಕು. ವಿಷ ಕೊನೆಗೆ, ಅದೂ ಬೇಕೇಬೇಕಾದರೆ.

ಜಿರಳೆ

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ. ಬಚ್ಚಲು ಮತ್ತು ಮೋರಿಯಿಂದ ರಾತ್ರಿ ಹೊರಬರುವ, ಸುಮಾರು 4 ಸೆಂಟಿಮೀಟರ್ ಉದ್ದದ ಕೆಂಗಂದು ಜಿರಳೆಗೆ ಅಮೆರಿಕನ್ ಜಿರಳೆ ಎಂದು ಹೆಸರು. ಅಡುಗೆಮನೆಯ ಕಪಾಟು, ಮಿಕ್ಸಿಯ ತಳ, ಫ್ರಿಜ್ಜಿನ ಹಿಂಭಾಗದಲ್ಲಿ ಸೇರಿಕೊಳ್ಳುವ ಸಣ್ಣದು ಜರ್ಮನ್ ಜಿರಳೆ. ಉದ್ದ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಹೆಚ್ಚು ಕಾಡುವುದು ಈ ಸಣ್ಣದೇ. ಇದರ ಹೆಣ್ಣು 30ರಿಂದ 40 ಮೊಟ್ಟೆಗಳಿರುವ ಚೀಲವನ್ನು ಮರಿ ಹೊರಬರುವ ಸಮಯದವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ.

ಜಿರಳೆ ಆಹಾರವಿಲ್ಲದೆ ಕೆಲವು ವಾರ ಬದುಕಬಲ್ಲದು, ನೀರಿಲ್ಲದೆ ಅಷ್ಟು ದಿನ ತಾಳದು. ಹಾಗಾಗಿ ಮೊದಲ ಕೆಲಸ ಸೋರುವ ನಲ್ಲಿಯನ್ನು ಸರಿಪಡಿಸುವುದು. ರಾತ್ರಿ ಮಲಗುವ ಮುಂಚೆ ಸಿಂಕಿನಲ್ಲಿ ಎಂಜಲು ತಟ್ಟೆ ಉಳಿಯಬಾರದು, ಕಟ್ಟೆಯನ್ನು ಒರೆಸಿ ಒಣಗಿಸಬೇಕು, ಕಸದ ಬುಟ್ಟಿಗೆ ಮುಚ್ಚಳ ಇರಬೇಕು. ಬಚ್ಚಲ ಜಾಲರಿಯ ಕೆಳಗೆ ನೀರು ನಿಲ್ಲುವ ತಿರುವು ಇದ್ದರೆ ಮೋರಿಯಿಂದ ಮೇಲೆ ಬರುವುದು ಕಡಿಮೆಯಾಗುತ್ತದೆ. ಹಳೆಯ ರಟ್ಟಿನ ಡಬ್ಬಗಳನ್ನು ಅಡುಗೆಮನೆಯಲ್ಲಿ ಪೇರಿಸಿಡುವುದು ಜಿರಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ.

ಇಷ್ಟು ಮಾಡಿಯೂ ಉಳಿದರೆ ಸ್ಪ್ರೇಗಿಂತ ಜೆಲ್ ಮೇಲು. ಸಾಸಿವೆ ಕಾಳಿನಷ್ಟು ಜೆಲ್ಲನ್ನು ಕಪಾಟಿನ ಕೀಲು, ಸಿಂಕಿನ ಕೆಳಗಿನ ಮೂಲೆ, ಸ್ಟೌವಿನ ಹಿಂಬದಿಯ ಸಂದುಗಳಲ್ಲಿ ಇಟ್ಟರೆ ಅದನ್ನು ತಿಂದ ಜಿರಳೆ ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆ ಮತ್ತು ಹೆಣವನ್ನು ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆಯಬಾರದು, ಹೊಡೆದರೆ ಜಿರಳೆ ಆ ಕಡೆ ಸುಳಿಯುವುದಿಲ್ಲ. ನೆಲದ ಮೇಲೆ ಗೆರೆ ಎಳೆಯುವ ಸೀಮೆಸುಣ್ಣದಲ್ಲೂ ಕೀಟನಾಶಕವೇ ಇರುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಜಿರಳೆಯ ಹಿಕ್ಕೆ ಮತ್ತು ಪೊರೆಯ ಧೂಳು ಮಕ್ಕಳಲ್ಲಿ ಆಸ್ತಮಾವನ್ನು ಕೆರಳಿಸುತ್ತದೆ. ಜಿರಳೆ ಹೋದ ಮೇಲೂ ಕಪಾಟುಗಳನ್ನು ತೊಳೆಯಬೇಕಾದದ್ದು ಇದಕ್ಕೇ.

ಸೊಳ್ಳೆ

ಮಲೇರಿಯಾದ ಗುಟ್ಟನ್ನು ಬಿಡಿಸಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ತಾವಿದ್ದ ಬಂಗಲೆಯ ಬಳಿ ನೀರು ತುಂಬಿಟ್ಟ ತೊಟ್ಟಿಯಲ್ಲೇ ಸೊಳ್ಳೆ ಹುಟ್ಟುತ್ತಿದೆ, ಅದನ್ನು ಬರಿದು ಮಾಡಿದರೆ ಕಾಟ ತಗ್ಗುತ್ತದೆ ಎಂಬುದನ್ನು ಅವರು ಗಮನಿಸಿದ್ದು ಆಗ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವರು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆದರೆ ಮನೆಯವರ ಪಾಲಿಗೆ ಇಂದಿಗೂ ಬೇಕಾದ ಪಾಠ ಬೆಂಗಳೂರಿನ ಆ ತೊಟ್ಟಿಯದೇ.

ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮೊಟ್ಟೆ ಇಡುವುದು ನಿಂತ ತಿಳಿನೀರಿನ ಅಂಚಿನಲ್ಲಿ. ಅನಾಫಿಲಿಸ್ ಸೊಳ್ಳೆಗಳಲ್ಲಿ ನಗರಗಳ ಮಲೇರಿಯಾಕ್ಕೆ ಕಾರಣವಾದ ಬಗೆಯೂ ಬಾವಿ ಮತ್ತು ತಾರಸಿಯ ಟ್ಯಾಂಕುಗಳಲ್ಲಿ ಬೆಳೆಯುತ್ತದೆ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್‌ಗೆ ಮಾತ್ರ ಕೊಳಚೆ ನೀರು ಇಷ್ಟ. ಮೋರಿ ಶುಚಿಯಾಗಿದ್ದರೆ ಡೆಂಗಿ ಬಾರದು ಎಂಬ ನಂಬಿಕೆ ಆದ್ದರಿಂದಲೇ ತಪ್ಪು.

ಈಡಿಸ್ ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದು ಮಾಡಬೇಕು ಎನ್ನುವುದು ಈ ಲೆಕ್ಕದಿಂದ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತವೆ, ನಾರು ಹಾಕಿ ಉಜ್ಜಬೇಕು. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ತಾರಸಿಯ ಮೇಲೆ ಎಸೆದ ಟೈರು, ಎಳನೀರಿನ ಬುರುಡೆ ಎಲ್ಲವನ್ನೂ ನೋಡಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ ರಬ್ಬರ್ ಹಾಲು ಹಿಡಿಯುವ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳೂ ಸೇರುತ್ತವೆ. ಕೆಲವು ದಿನಕ್ಕೊಮ್ಮೆ ಮಾತ್ರ ನಲ್ಲಿ ನೀರು ಬರುವ ಊರುಗಳಲ್ಲಿ ಡ್ರಮ್ಮು ತುಂಬಿಸಿಡದೆ ವಿಧಿಯಿಲ್ಲ. ಅಲ್ಲಿ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು. ಬಳಕೆಗಷ್ಟೇ ಇರುವ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ಹಾಕುವ ನಿಯಮ ತಂದಿತು.

ಬೀದಿಯಲ್ಲಿ ಹೊಡೆಯುವ ಹೊಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಯನ್ನು ಮುಟ್ಟುವುದಿಲ್ಲ. ಮನೆಯೊಳಗೆ ಹಚ್ಚುವ ಬತ್ತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಾಗ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಂದ ಬರುವಷ್ಟಿತ್ತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಾಣಂತಿ, ಕೂಸಿನ ಪಕ್ಕ ಬತ್ತಿ ಹಚ್ಚುವ ರೂಢಿ ನಿಲ್ಲಲೇಬೇಕು. ಸೊಳ್ಳೆಪರದೆ ಮತ್ತು ಕಿಟಕಿಯ ಜಾಲರಿಗೆ ಸಮನಾದದ್ದು ಬೇರೆ ಇಲ್ಲ. ಹಗಲು ಮಲಗುವ ಕೂಸಿಗೂ ಪರದೆ ಬೇಕು.

ಇಲಿ ಮತ್ತು ಹೆಗ್ಗಣ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಈ ರೋಗ ಕಿಕ್ಕಿರಿದ ಪೇಟೆಯ ಮನೆಗಳಲ್ಲಿ ಅಪಾರ ಸಾವು ತಂದಿತು. ಗಾಳಿ ಬೆಳಕು ಚೆನ್ನಾಗಿ ಬರುವಂತೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದರ ಹಿಂದೆ ಆ ಭಯವಿದೆ. ಈಗ ನಾವು ಹೆದರಬೇಕಾದದ್ದು ಇಲಿ ಜ್ವರಕ್ಕೆ, ಅಂದರೆ ಲೆಪ್ಟೊಸ್ಪೈರೋಸಿಸ್‌ಗೆ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಗಾಯಗಳ ಮೂಲಕ ಅದು ಮೈಗೆ ಸೇರುತ್ತದೆ.

ಸುಂಡಿಲಿ 6 ಮಿಲಿಮೀಟರ್ ಸಂದಿನಲ್ಲೇ ನುಸುಳಬಲ್ಲದು. ಬಾಗಿಲ ಕೆಳಗಿನ ಬಿರುಕು, ಪೈಪು ಗೋಡೆಯನ್ನು ಹಾದುಹೋಗುವ ಜಾಗ, ಹೆಂಚಿನ ಸೂರಿನ ಸಂದುಗಳನ್ನು ಹುಡುಕಿ ಸ್ಟೀಲ್ ನಾರು ತುರುಕಿ ಸಿಮೆಂಟು ಮೆತ್ತಬೇಕು. ಮರ, ಥರ್ಮಕೋಲುಗಳನ್ನು ಅದು ಕಡಿದು ಹಾಕುತ್ತದೆ. ಹಿಡಿಯಲು ಬೋನೇ ಒಳ್ಳೆಯದು. ಬೋನನ್ನು ಗೋಡೆಗೆ ಒತ್ತಿ ಇಡಬೇಕು, ಏಕೆಂದರೆ ಇಲಿ ಗೋಡೆ ಹಿಡಿದೇ ಓಡುತ್ತದೆ. ದೊಡ್ಡ ಇಲಿಗಳು ಹೊಸ ವಸ್ತುವನ್ನು ನಂಬುವುದಿಲ್ಲ; ಎರಡು ಮೂರು ದಿನ ಬೋನಿನ ಬಾಗಿಲು ತೆರೆದೇ ಇಟ್ಟು ಸುಟ್ಟ ಕೊಬ್ಬರಿ ಚೂರನ್ನೋ ಬೋಂಡವನ್ನೋ ತಿನ್ನಲು ಬಿಟ್ಟು, ಆಮೇಲೆ ಬಾಗಿಲು ಹೂಡಬೇಕು. ಅಂಟಿನ ಹಾಳೆಯಲ್ಲಿ ಇಲಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಅಂಥ ಕ್ರೌರ್ಯ ಮನೆಯಲ್ಲಿ ಬೇಡ.

ಇಲಿಪಾಷಾಣ: ಮನೆಯೊಳಗೆ ತರಬಾರದ ವಿಷಗಳು

ಟೂತ್‌ಪೇಸ್ಟಿನಂಥ ಕೊಳವೆಯಲ್ಲಿ ಬರುವ ಇಲಿ ಪೇಸ್ಟಿನಲ್ಲಿ ಹಳದಿ ರಂಜಕ ಇರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ತಿಂದವರಿಗೆ ಮೊದಲು ಒಂದಿಷ್ಟು ವಾಂತಿಯಾಗಿ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಯಕೃತ್ತು ಹಾಳಾಗುತ್ತಾ ಬಂದಿರುತ್ತದೆ. ಕಪ್ಪು ಬಣ್ಣದ ಸತುವಿನ ಫಾಸ್ಫೈಡ್ ಪುಡಿ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಅನಿಲ ಬಿಡುತ್ತದೆ. ಇದಕ್ಕೂ ಪ್ರತಿವಿಷವಿಲ್ಲ.

ಕಾಳಿನ ಮೂಟೆಗಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇವೆಲ್ಲಕ್ಕಿಂತ ಘೋರ. ಗಾಳಿಯ ತೇವವೇ ಸಾಕು, ಅನಿಲ ಹೊರಬರುತ್ತದೆ, ಪಕ್ಕದ ಕೋಣೆಯಲ್ಲಿ ಮಲಗಿದವರ ಜೀವವನ್ನೂ ತೆಗೆಯುತ್ತದೆ. ಜನಸಾಮಾನ್ಯರಿಗೆ ಇದನ್ನು ಮಾರುವಂತಿಲ್ಲ. ಗೋದಾಮುಗಳಲ್ಲಿ, ತರಬೇತಾದವರ ಕೈಯಲ್ಲಿ ಮಾತ್ರ ಬಳಕೆಯಾಗಬೇಕು. ಯಾರೋ ಪರಿಚಯದವರು ನಾಲ್ಕು ಮಾತ್ರೆ ಕೊಟ್ಟರೆಂದು ಅಕ್ಕಿ ಡ್ರಮ್ಮಿಗೆ ಹಾಕುವುದು ಕೊಲೆಗಡುಕ ಕೆಲಸ. ವಿಷ ಇಡಲೇಬೇಕಾದ ಸಂದರ್ಭದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೊಲೋನ್ ಬಿಲ್ಲೆ ತುಸು ವಾಸಿ, ಏಕೆಂದರೆ ಅದಕ್ಕೆ ವಿಟಮಿನ್ ಕೆ ಪ್ರತಿವಿಷವಾಗುತ್ತದೆ. ಅದನ್ನೂ ಮಕ್ಕಳು, ನಾಯಿ, ಬೆಕ್ಕಿಗೆ ಸಿಗದಂತೆ ಮುಚ್ಚಿದ ಪೆಟ್ಟಿಗೆಯಲ್ಲೇ ಇಡಬೇಕು.

ಕಾಳಿನ ನುಸಿ

ಇದಕ್ಕೆ ನಮ್ಮ ಅಜ್ಜಿಯರ ಪದ್ಧತಿಯೇ ಸಾಕು. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಬೇಕು. ತೊಗರಿಬೇಳೆಗೆ ಹರಳೆಣ್ಣೆ ಸವರಿದರೆ ಹುಳದ ಮೊಟ್ಟೆ ಒಡೆದು ಮರಿಯಾಗುವುದು ಕಷ್ಟ. ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿಯಬಾರದು. ನಗರದ ಮನೆಗಳಲ್ಲಿ ಹೊಸದಾಗಿ ತಂದ ರವೆ, ಬೇಳೆಯನ್ನು ನಾಲ್ಕು ದಿನ ಫ್ರೀಜರಿನಲ್ಲಿ ಇಟ್ಟರೆ ಒಳಗಿನ ಮೊಟ್ಟೆ, ಮರಿ ಸಾಯುತ್ತವೆ. ರಾಗಿಗೆ ಹುಳದ ಕಾಟ ಕಡಿಮೆ. ಹಳೇ ಮೈಸೂರು ಕಡೆ ನೆಲದಡಿಯ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು.

ಗೆದ್ದಲು, ತಿಗಣೆ, ಇರುವೆ

ಗೋಡೆಯ ಮೇಲೆ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಕೊಳವೆ ಕಂಡರೆ ಗೆದ್ದಲು ನೆಲದಿಂದ ಮರದ ಕಡೆ ದಾರಿ ಮಾಡಿದೆ ಎಂದರ್ಥ. ಕೊಳವೆಯನ್ನು ಕೆರೆದು ಹಾಕಿದರೆ ಬೇರೆ ಕಡೆ ಕಟ್ಟುತ್ತದೆ. ಸೌದೆ, ಪುಸ್ತಕ, ರಟ್ಟುಗಳನ್ನು ನೆಲ ಮತ್ತು ಗೋಡೆಗೆ ತಾಗದಂತೆ ಇಡಬೇಕು, ಗೋಡೆಯ ತೇವ ನಿಲ್ಲಿಸಬೇಕು. ಮನೆ ಕಟ್ಟುವಾಗಲೇ ತಳಪಾಯಕ್ಕೆ ಗೆದ್ದಲು ನಿರೋಧಕ ಹಾಕುವುದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವಿದೆ. ಕಟ್ಟಿದ ಮೇಲೂ ಮಾಡಬಹುದು, ಆದರೆ ಅದು ಪರವಾನಗಿ ಉಳ್ಳವರ ಕೆಲಸ. ಬಾವಿ ಹತ್ತಿರವಿದ್ದರೆ ಅವರಿಗೆ ಮೊದಲೇ ಹೇಳಿ.

ತಿಗಣೆ ರೋಗ ಹರಡುವುದಿಲ್ಲ, ನಿದ್ದೆ ಕೆಡಿಸುತ್ತದೆ. ಹಾಸಿಗೆಯ ಹೊಲಿಗೆ, ಮಂಚದ ಕೀಲುಗಳಲ್ಲಿ ಹುಡುಕಿ. ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯಿರಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಹಾಸಿಗೆಗೆ, ಮಕ್ಕಳ ತಲೆಯ ಹೇನಿಗೆ ಹಚ್ಚಿ ಜೀವ ಕಳೆದುಕೊಂಡವರಿದ್ದಾರೆ. ಎಂದೂ ಹಾಗೆ ಮಾಡಬೇಡಿ.

ಇರುವೆ ಸಾಲನ್ನು ಸೋಪಿನ ನೀರಿನಿಂದ ಒರೆಸಿದರೆ ಅವು ಹಿಡಿದು ಬರುವ ವಾಸನೆಯ ಜಾಡು ಅಳಿಯುತ್ತದೆ. ಹಲ್ಲಿಯನ್ನು ಕೊಲ್ಲಬೇಡಿ, ಅದು ಕೀಟ ತಿನ್ನುವ ಜೀವಿ.

ಡಬ್ಬದ ಮೇಲಿನ ಬಣ್ಣ

1968ರ ಕೀಟನಾಶಕ ಕಾಯ್ದೆಯ ನಿಯಮಗಳಂತೆ ಪ್ರತಿ ಡಬ್ಬದ ಮೇಲೆ ವಜ್ರಾಕಾರದ ಗುರುತು ಇರಬೇಕು. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಆಮೇಲಿನವು. ಮನೆಗೆ ಹಸಿರು ಅಥವಾ ನೀಲಿ ಗುರುತಿನದೇ ಬರಲಿ. ಗುರುತಿಲ್ಲದ ಬಿಡಿ ಪುಡಿ, ತಂಪು ಪಾನೀಯದ ಬಾಟಲಿಗೆ ಸುರಿದುಕೊಟ್ಟ ದ್ರವ ಬೇಡ. ನುಸಿಗುಳಿಗೆಯ ನ್ಯಾಫ್ತಲಿನ್ ಕೂಡ ಕೆಲವು ಹಸುಗೂಸುಗಳ ರಕ್ತಕಣಗಳನ್ನು ಒಡೆಯುತ್ತದೆ. ಕೂಸಿನ ಬಟ್ಟೆಯ ನಡುವೆ ಇಡಬಾರದು.

ವಿಷ ಹೊಟ್ಟೆಗೆ ಹೋದರೆ

ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಎಣ್ಣೆ ಕೊಡಬೇಡಿ. ರಂಜಕದಂಥ ವಿಷ ಕೊಬ್ಬಿನ ಜೊತೆ ಇನ್ನೂ ಬೇಗ ಮೈಗೆ ಹತ್ತುತ್ತದೆ. ಚರ್ಮಕ್ಕೆ ತಾಗಿದ್ದರೆ ಬಟ್ಟೆ ತೆಗೆದು ಸೋಪು ಹಚ್ಚಿ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ. 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ರೋಗಿ ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ, ವಿಷದ ಡಬ್ಬವನ್ನು ಎಸೆಯದೆ ವೈದ್ಯರ ಕೈಗೆ ಕೊಡಿ.